ಚಾವಣಿಯಿಲ್ಲದ 286 ವರ್ಷ

ಒಂದು ಬದಿ 63 ಮೀಟರ್, ಪಕ್ಕದ ಬದಿಯೂ 63 ಮೀಟರ್, ಎತ್ತರ 17 ಮೀಟರಿಗೆ ತುಸು ಹೆಚ್ಚು. ಸ್ಪೇನ್ ದೇಶದ ಗ್ರಾನಡಾ ಊರಿನ ನೆತ್ತಿಯ ಮೇಲಿರುವ ಅಲ್ಹಂಬ್ರಾ ಕೋಟೆಯೊಳಗೆ ಐದನೇ ಚಾರ್ಲ್ಸ್ ಚಕ್ರವರ್ತಿ ಕಟ್ಟಿಸಲು ಹೊರಟ ಅರಮನೆಯ ಅಳತೆ ಇದು. ಕಾಗದದ ಮೇಲೆ ಓದಿದರೆ ಈ ಅಂಕಿಗಳಲ್ಲಿ ಬೆರಗಾಗುವಂಥದ್ದು ಏನೂ ಕಾಣುವುದಿಲ್ಲ. ಇವತ್ತಿನ ನಗರಗಳಲ್ಲಿ ಇದಕ್ಕಿಂತ ದೊಡ್ಡ ಆಫೀಸು ಕಟ್ಟಡಗಳು ಬೀದಿಗೊಂದು ಇವೆ. ಆದರೆ ಅಳತೆಯ ಬೆರಗು ಅಂಕಿಯೊಂದರಲ್ಲೇ ಇರುವುದಿಲ್ಲ, ಅದರ ಪಕ್ಕದಲ್ಲಿ ಯಾವ ಅಂಕಿ ನಿಂತಿದೆ ಎನ್ನುವುದರಲ್ಲಿ ಇರುತ್ತದೆ. ಈ ಅರಮನೆಯ ಪಕ್ಕ ನಿಂತಿರುವ ಅಂಕಿಗಳು ಒಂದಕ್ಕಿಂತ ಒಂದು ಸೋಜಿಗದವು.

ಕೋಟೆಯನ್ನು ಹತ್ತಿ ಬರುವವರು 1348ರಲ್ಲಿ ಒಂದನೇ ಯೂಸುಫ್ ಸುಲ್ತಾನ ಕಟ್ಟಿಸಿದ ನ್ಯಾಯದ ಬಾಗಿಲಿನಿಂದ ಒಳಗೆ ಬರುತ್ತಾರೆ. ಶತ್ರು ಒಂದೇ ಓಟದಲ್ಲಿ ಒಳನುಗ್ಗದಂತೆ ಆ ಬಾಗಿಲಿನ ಒಳದಾರಿಯನ್ನು ಅಲ್ಲಲ್ಲಿ ಮುರಿದು ತಿರುಗಿಸಿದ್ದಾರೆ. ಆ ಮಬ್ಬುಗತ್ತಲೆಯ ತಿರುವುಗಳನ್ನು ಕಳೆದು, ಏರು ಹತ್ತಿ, ಬಿಸಿಲಿಗೆ ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಎದುರಿಗೆ ಈ ಗೋಡೆ. ಸುತ್ತಲ ಗೋಪುರಗಳೆಲ್ಲ ಕೆಮ್ಮಣ್ಣಿನವು, ಇಟ್ಟಿಗೆಯವು. ಇದು ಮಾತ್ರ ಕಲ್ಲು. ಕೆಳಗಿನ ಅರ್ಧದಲ್ಲಿ ಒಂದೊಂದು ಕಲ್ಲೂ ದಿಂಬಿನಂತೆ ಉಬ್ಬಿಕೊಂಡು ಹೊರಬಂದಿದೆ. ಕಲ್ಲಿನ ಸಾಲುಗಳ ನಡುವೆ ಆಳವಾದ ಗೀರು. ಸೂರ್ಯ ಪಡುವಣಕ್ಕೆ ವಾಲಿದಾಗ ಆ ಗೀರುಗಳಲ್ಲಿ ನೆರಳು ತುಂಬಿ ಇಡೀ ಗೋಡೆಗೆ ಗೆರೆ ಎಳೆದಂತೆ ಆಗುತ್ತದೆ. ಅದರ ಮೇಲೆ ಕಂಚಿನ ಸಿಂಹದ ಮುಖಗಳು, ಬಾಯಲ್ಲಿ ಕಂಚಿನ ದಪ್ಪ ಬಳೆಗಳು. ಕುದುರೆ ಕಟ್ಟುವ ಬಳೆಗಳ ರೂಪ ಅವಕ್ಕೆ. ಆದರೆ ಅವುಗಳ ಗಾತ್ರ ನೋಡಿದರೆ ಕಟ್ಟಬೇಕಾದ ಕುದುರೆಗಳು ಈ ಲೋಕದವಲ್ಲ.

ಪಡುವಣದ ಮುಖ್ಯ ಬಾಗಿಲಿನ ಬುಡದಲ್ಲಿ ಅಮೃತಶಿಲೆಯ ಉಬ್ಬುಚಿತ್ರಗಳಿವೆ. ಜನ ಇವುಗಳನ್ನು ನೋಡದೆ ಹೋಗುತ್ತಾರೆ, ಏಕೆಂದರೆ ಬಾಗಿಲು ಕಣ್ಣನ್ನು ಮೇಲಕ್ಕೆ ಎಳೆಯುತ್ತದೆ. ಬಗ್ಗಿ ನೋಡಬೇಕು. ಒಂದರಲ್ಲಿ ಯುದ್ಧ: ಕುದುರೆಗಳ ಎದೆ ಎದೆ ತಾಗಿ, ಈಟಿಗಳು ಅಡ್ಡಡ್ಡ ಸಿಕ್ಕಿಕೊಂಡು, ಕಾಲಡಿಗೆ ಬಿದ್ದವರ ಮೇಲೆ ಗೊರಸು. 1525ರಲ್ಲಿ ಇಟಲಿಯ ಪಾವಿಯಾದಲ್ಲಿ ಚಾರ್ಲ್ಸ್‌ನ ಸೈನ್ಯ ಫ್ರಾನ್ಸಿನ ದೊರೆಯನ್ನೇ ಸೆರೆಹಿಡಿದ ಕಾಳಗವನ್ನು ನೆನಪಿಸುವ ಚಿತ್ರ ಅದು. ಇನ್ನೊಂದರಲ್ಲಿ ರೆಕ್ಕೆಯುಳ್ಳ ಹೆಂಗಸರು ಕೂತು ಆಯುಧಗಳ ರಾಶಿಗೆ ಪಂಜಿನಿಂದ ಬೆಂಕಿ ಇಡುತ್ತಿದ್ದಾರೆ. ನಡುವೆ ಭೂಗೋಳ, ಅದರ ಮೇಲೆ ಕಿರೀಟ. ಯುದ್ಧ ಮುಗಿಯಿತು, ಲೋಕ ಒಬ್ಬನ ಕೈಗೆ ಬಂತು, ಇನ್ನು ಶಾಂತಿ ಎಂಬ ಘೋಷಣೆ. ಇದನ್ನು ಕೆತ್ತಿದ ಉಳಿಯ ಕೆಲಸ ಎಷ್ಟು ನವುರೆಂದರೆ ಕುದುರೆಯ ಹೊಳ್ಳೆಯ ಮಡಿಕೆಯೂ ಕಾಣುತ್ತದೆ.

ಇಷ್ಟು ನೋಡಿ ಬಾಗಿಲು ದಾಟಿದ ಮೇಲೆ ಎಂಥವರೂ ನಿಂತುಬಿಡುತ್ತಾರೆ. ಹೊರಗೆ ಅಚ್ಚ ಚೌಕ, ಒಳಗೆ ಅಚ್ಚ ವೃತ್ತ. ಹೊರಗಿನಿಂದ ಇದರ ಒಂದು ಸುಳಿವೂ ಸಿಗುವುದಿಲ್ಲ.

ತೆರೆದ ಅಂಗಳದ ಅಡ್ಡಳತೆ ಸುಮಾರು 30 ಮೀಟರ್. ಸುತ್ತಲೂ ಇರುವ ಕಂಬಸಾಲಿನ ಪಡಸಾಲೆಯನ್ನೂ ಸೇರಿಸಿಕೊಂಡರೆ ಸುಮಾರು 42 ಮೀಟರ್. ವಿಜಯಪುರದ ಗೋಳಗುಮ್ಮಟದ ಕೆಳಗೆ ನಿಂತು ಕತ್ತು ನೋಯಿಸಿಕೊಂಡವರಿಗೆ ಇದನ್ನು ಅಂದಾಜು ಮಾಡುವುದು ಸುಲಭ. ಆ ಗುಮ್ಮಟ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 44 ಮೀಟರ್. ವಿಜಯಪುರದಲ್ಲಿ ಚೌಕದ ಮೇಲೆ ದುಂಡಗೆ ಕೂತಿರುವುದೇ ಇಲ್ಲಿ ಚೌಕದೊಳಗೆ ದುಂಡಗೆ ತೆರೆದುಕೊಂಡಿದೆ. ಹೆಚ್ಚುಕಡಿಮೆ ಅದೇ ಅಗಲ, ಆದರೆ ತಲೆಯ ಮೇಲೆ ಆಂದಲೂಸಿಯಾದ ಬರಿಯ ಆಕಾಶ.

ಅಂಗಳದ ಸುತ್ತ ಕೆಳಗೆ 32 ಕಂಬ, ಅವುಗಳ ನೇರಕ್ಕೆ ಮೇಲಿನ ಅಂತಸ್ತಿನಲ್ಲಿ ಇನ್ನೂ 32. ಕೆಳಗಿನವು ಅಲಂಕಾರವಿಲ್ಲದ ಡೋರಿಕ್ ಶೈಲಿಯ ದಪ್ಪ ಕಂಬಗಳು, ಮೇಲಿನವು ತಲೆಯಲ್ಲಿ ಸುರುಳಿಯುಳ್ಳ ಅಯೋನಿಕ್ ಶೈಲಿಯವು. 32 ಎಂಬ ಅಂಕಿ ಅಕಸ್ಮಾತ್ತಾಗಿ ಬಂದದ್ದಲ್ಲ ಎಂದು ನನಗೆ ಅನಿಸುತ್ತದೆ. ವೃತ್ತವನ್ನು ಎರಡಾಗಿ ಸೀಳಿ, ನಾಲ್ಕಾಗಿ ಸೀಳಿ, ಎಂಟು, ಹದಿನಾರು ಮಾಡಿ ಮತ್ತೊಮ್ಮೆ ಸೀಳಿದರೆ 32. ಹಗ್ಗ, ಗೂಟ, ಕೈವಾರ ಇದ್ದರೆ ಸಾಕು, ಲೆಕ್ಕದ ಪುಸ್ತಕ ಬೇಡ. ಆದರೆ ನೆಲದ ಮೇಲೆ ಗೆರೆ ಎಳೆಯುವುದು ಬೇರೆ, ಅದನ್ನು ಕಲ್ಲಿನಲ್ಲಿ ನಿಲ್ಲಿಸುವುದು ಬೇರೆ. ಒಂದು ಕಂಬದಿಂದ ಮುಂದಿನ ಕಂಬಕ್ಕೆ 11.25 ಡಿಗ್ರಿ ತಿರುಗಬೇಕು, ನಡುವಿನ ದೂರ ಹತ್ತಿರ ಹತ್ತಿರ ಮೂರು ಮೀಟರ್. ಪ್ರತಿ ಕಂಬದಲ್ಲೂ ಒಂದೇ ಕಡೆಗೆ ಒಂದು ಸೆಂಟಿಮೀಟರ್ ತಪ್ಪುತ್ತಾ ಹೋದರೆ ಸುತ್ತು ಮುಗಿಯುವ ಹೊತ್ತಿಗೆ ಕೊನೆಯ ಕಂಬ 32 ಸೆಂಟಿಮೀಟರ್ ಆಚೆ ಬಿದ್ದಿರುತ್ತದೆ. ಅಲ್ಲಿ ಎಲ್ಲಿ ನಿಂತರೂ ಅಂಥ ಎಡವಟ್ಟು ಕಣ್ಣಿಗೆ ಬೀಳುವುದಿಲ್ಲ.

ಕಂಬದ ಹತ್ತಿರ ಹೋದರೆ ಇನ್ನೊಂದು ಅಚ್ಚರಿ. ದೂರದಿಂದ ನುಣ್ಣಗೆ ಕಾಣುವ ಆ ಕಲ್ಲು ಒಂದೇ ಕಲ್ಲಲ್ಲ. ಬೂದಿ, ಕಂದು, ಬಿಳಿ, ಕೆಂಪು ಬಣ್ಣದ ಸಾವಿರಾರು ಹೊಳೆಗಲ್ಲುಗಳು ಲಕ್ಷಾಂತರ ವರ್ಷ ಒತ್ತಿಕೊಂಡು, ಅಂಟಿಕೊಂಡು ಒಂದಾದ ಬಂಡೆ ಅದು. ಬೆರಳ ಗಾತ್ರದವು ಕೆಲವು, ಮುಷ್ಟಿಯ ಗಾತ್ರದವು ಕೆಲವು. ಕಂಬವನ್ನು ದುಂಡಗೆ ಕಡೆಯುವಾಗ ಒಂದೊಂದು ಹೊಳೆಗಲ್ಲೂ ಉಳಿಗೆ ಸಿಕ್ಕಿ ಅಡ್ಡಕ್ಕೆ ಕೊಯ್ದುಹೋಗಿದೆ. ಇಂಥ ಕಲ್ಲು ಶಿಲ್ಪಿಯ ಶತ್ರು. ಒಂದು ಕಡೆ ಮೆತ್ತಗೆ, ಪಕ್ಕದಲ್ಲೇ ಬೆಣಚಿನಂತೆ ಗಟ್ಟಿ. ಸ್ವಲ್ಪ ಜೋರಾಗಿ ಹೊಡೆದರೆ ಹರಳು ಕಿತ್ತು ಗುಳಿ ಬೀಳುತ್ತದೆ. ಹಾಗಿದ್ದೂ 64 ಕಂಬ ನಿಂತಿವೆ.

ಆದರೆ ಕಟ್ಟಡ ಬಲ್ಲವರು ಮೆಚ್ಚುವುದು ಕಂಬಗಳನ್ನಲ್ಲ, ಕಂಬಗಳ ಹಿಂದೆ ಪಡಸಾಲೆಯ ಮೇಲೆ ಉಂಗುರದಂತೆ ಸುತ್ತುವ ಕಲ್ಲಿನ ಕಮಾನು ಚಾವಣಿಯನ್ನು. ಕಮಾನು ಎಂಬುದು ತನ್ನ ಭಾರವನ್ನು ಕೆಳಕ್ಕಷ್ಟೇ ಇಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಹೊರಗಡೆಗೆ ತಳ್ಳಿದರೆ ದಪ್ಪ ಗೋಡೆ ತಡೆದುಕೊಳ್ಳುತ್ತದೆ. ಒಳಗಡೆಗೆ, ಅಂದರೆ ಅಂಗಳದ ಕಡೆಗೆ ತಳ್ಳಿದರೆ ತಡೆಯಲು ಯಾರಿದ್ದಾರೆ? ಬಿಡಿಬಿಡಿಯಾಗಿ ನಿಂತ ಕಂಬಗಳು ಅಷ್ಟು ನೂಕನ್ನು ತಾಳಲಾರವು. ಆ ಕೆಲಸ ಮಾಡುವುದು ಕಂಬಗಳ ತಲೆಯ ಮೇಲೆ ಹಾಯ್ದಿರುವ ಕಲ್ಲಿನ ತೊಲೆಯ ಬಳೆ. ಎಲ್ಲ ಕಡೆಯಿಂದಲೂ ಒಂದೇ ಸಮನೆ ಒಳಕ್ಕೆ ಒತ್ತಿದಾಗ ಆ ಬಳೆಯ ಕಲ್ಲುಗಳು ಒಂದಕ್ಕೊಂದು ಇನ್ನಷ್ಟು ಬಿಗಿದುಕೊಳ್ಳುತ್ತವೆ. ನಿಂತ ಕಮಾನನ್ನು ನೆಲಕ್ಕೆ ಮಲಗಿಸಿ, ಎರಡು ತುದಿ ಕೂಡಿಸಿ ವೃತ್ತ ಮಾಡಿದ ಹಾಗೆ. ಎಲ್ಲಿ ಕುಸಿಯಬೇಕಿತ್ತೋ ಅಲ್ಲೇ ಬಲ ಹುಟ್ಟಿದೆ. ನಾಲ್ಕೂವರೆ ಶತಮಾನವಾಯಿತು, ಗ್ರಾನಡಾ ಭೂಕಂಪದ ಸೀಮೆ ಬೇರೆ, ಉಂಗುರ ಹಾಗೇ ಇದೆ.

ಇದನ್ನು ಯೋಚಿಸಿದವನು ಪೆದ್ರೋ ಮಚುಕಾ. ವೃತ್ತಿಯಿಂದ ಅವನು ಚಿತ್ರಕಾರ. ಇಟಲಿಯಲ್ಲಿದ್ದು ಕಲಿತು 1520ರ ಹೊತ್ತಿಗೆ ಸ್ಪೇನಿಗೆ ಮರಳಿದ. ಅದೇ ಕಾಲದಲ್ಲಿ ರೋಮಿನಲ್ಲಿ ಬ್ರಮಾಂತೆ, ರಾಫೆಲ್ ಮೊದಲಾದವರು ದುಂಡು ಅಂಗಳದ ಕನಸು ಕಾಣುತ್ತಿದ್ದರು. ಬ್ರಮಾಂತೆ ತನ್ನ ಪುಟ್ಟ ದುಂಡು ಗುಡಿಯ ಸುತ್ತ ಕಂಬಸಾಲಿನ ದುಂಡು ಅಂಗಳ ಇರಬೇಕೆಂದು ಬಯಸಿದ, ಅದು ಕಟ್ಟಡವಾಗಲಿಲ್ಲ. ರಾಫೆಲ್ ತಾನು ರೂಪಿಸಿದ ವಿಲ್ಲಾ ಮದಾಮಾದ ನಡುವೆ ದುಂಡು ಅಂಗಳ ಇಟ್ಟ, ಅದು ಅರ್ಧಕ್ಕೇ ನಿಂತಿತು. ಇಟಲಿಯ ಘಟಾನುಘಟಿಗಳು ಕಾಗದದ ಮೇಲೆ ಬಿಟ್ಟುಹೋದದ್ದು ಪೂರ್ಣ ವೃತ್ತವಾಗಿ ಎದ್ದು ನಿಂತದ್ದು ಮುಸಲ್ಮಾನ ಸುಲ್ತಾನರ ಕೋಟೆಯೊಳಗೆ, ಒಬ್ಬ ಚಿತ್ರಕಾರನ ಕೈಯಿಂದ. ಇಟಲಿಯಿಂದ ಹೊರಗೆ ಆ ಕಾಲದ ಕಟ್ಟಡಗಳಲ್ಲಿ ಇದಕ್ಕೆ ಸರಿಸಾಟಿ ನನಗೆ ಗೊತ್ತಿಲ್ಲ.

ಈಗ ಪಕ್ಕದ ಮನೆಯ ಅಂಕಿಗಳು. ಈ ಅರಮನೆಯ ಬಡಗಣ ಗೋಡೆಗೆ ತಾಗಿಕೊಂಡೇ ನಾಸ್ರಿದ್ ಸುಲ್ತಾನರ ಅರಮನೆಗಳಿವೆ. ಅಲ್ಲಿನ ಸಿಂಹಗಳ ಅಂಗಳ ಸುಮಾರು 28 ಮೀಟರ್ ಉದ್ದ, 16 ಮೀಟರ್ ಅಗಲ. ಚಾರ್ಲ್ಸ್‌ನ ದುಂಡು ಅಂಗಳಕ್ಕಿಂತ ವಿಸ್ತಾರದಲ್ಲಿ ಸಾಕಷ್ಟು ಚಿಕ್ಕದು. ಆದರೆ ಅದರ ಸುತ್ತ 124 ಕಂಬ. ಲೆಕ್ಕ ಹಾಕಿ ನೋಡಿ: ಅಲ್ಲಿ ಅಂಗಳದ ಮೂರೂವರೆ ಚದರ ಮೀಟರಿಗೆ ಒಂದು ಕಂಬ, ಇಲ್ಲಿ ಕೆಳ ಅಂತಸ್ತಿನಲ್ಲಿ 22 ಚದರ ಮೀಟರಿಗೆ ಒಂದು. ಆರು ಪಟ್ಟು ವ್ಯತ್ಯಾಸ. ಅಲ್ಲಿನ ಕಂಬಗಳು ಎರಡು ಕೈಯಲ್ಲಿ ಹಿಡಿಯಬಹುದಾದಷ್ಟು ಸಪೂರ, ಕೆಲವು ಒಂಟಿ, ಕೆಲವು ಜೋಡಿ. ಇಲ್ಲಿನವು ಗಜಗಾತ್ರ.

ಅದೇ ಸುಲ್ತಾನರ ಅರಮನೆಗಳ ರಾಯಭಾರಿಗಳ ಸಭಾಂಗಣಕ್ಕೆ ಹೋಗಿ. ಸುಲ್ತಾನ ಒಡ್ಡೋಲಗ ಕೊಡುತ್ತಿದ್ದ ಜಾಗ, ಇಡೀ ರಾಜ್ಯದ ಅತಿ ದೊಡ್ಡ ಗೌರವದ ಕೋಣೆ. ಒಂದು ಬದಿ 11.3 ಮೀಟರ್, ಅಷ್ಟೇ. ಚಾರ್ಲ್ಸ್‌ನ ಅರಮನೆ ನಿಂತ ನೆಲದಲ್ಲಿ ಅಂಥ ಕೋಣೆಗಳು 31 ಹಿಡಿಯುತ್ತವೆ. ಆದರೆ ತಲೆ ಎತ್ತಿದರೆ 18 ಮೀಟರ್ ಮೇಲೆ ಒಂದು ಮರದ ಆಕಾಶ. ಏಳು ಸ್ವರ್ಗಗಳನ್ನು ಸೂಚಿಸುವಂತೆ ಸುತ್ತು ಸುತ್ತಾಗಿ ನಕ್ಷತ್ರಗಳು ಮೇಲಕ್ಕೆ ಏರುತ್ತಾ ಹೋಗುವ ಆ ಚಾವಣಿಯಲ್ಲಿ ಎಣಿಸಿದ ಮರದ ತುಂಡುಗಳು 8,017. ಕೆಳಗಿನ ನೆಲದ ಲೆಕ್ಕಕ್ಕೆ ಹಿಡಿದರೆ ಚದರ ಮೀಟರಿಗೆ ಸುಮಾರು 63 ತುಂಡು. ಇತ್ತ ಅರಮನೆಯ ಬದಿಯೂ 63, ಅತ್ತ ಒಂದು ಚದರ ಮೀಟರಿನೊಳಗಿನ ಮರದ ಚೂರುಗಳೂ 63. ಅದು ಕಾಕತಾಳೀಯವೇ ಇರಲಿ, ಎರಡು ನಾಗರಿಕತೆಗಳು ದೊಡ್ಡತನವನ್ನು ಎರಡು ಕಡೆಯಿಂದ ಅಳೆದದ್ದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಂಕಿ ನನಗೆ ಸಿಕ್ಕಿಲ್ಲ. ಒಬ್ಬರು ಒಂದು ಆಕಾರವನ್ನು ಹಿಗ್ಗಿಸುತ್ತಾ ಹೋದರು, ಇನ್ನೊಬ್ಬರು ಒಂದು ಆಕಾರವನ್ನು ಒಡೆಯುತ್ತಾ ಹೋದರು. ಇಬ್ಬರು ಸಹೋದರಿಯರ ಕೋಣೆಯ ಗುಮ್ಮಟದಲ್ಲಿ ಜೇನುಗೂಡಿನ ಹಾಗೆ ಇಳಿಬಿದ್ದ ಗಾರೆಯ ಪುಟ್ಟ ಪಟ್ಟಕಗಳೇ 5,000ಕ್ಕೂ ಹೆಚ್ಚು.

ಅಲ್ಲಿನ ಸಾಮಗ್ರಿ ಏನು? ಇಟ್ಟಿಗೆ, ಮಣ್ಣು, ಗಾರೆ, ಮರ, ಬಣ್ಣದ ಹೆಂಚು. ಅಮೃತಶಿಲೆ ಕಂಬಗಳಿಗೆ, ಕಾರಂಜಿಗಳಿಗೆ, ಅಲ್ಲಲ್ಲಿ ನೆಲಕ್ಕೆ. ನೀರು ಸುಮಾರು ಆರು ಕಿಲೋಮೀಟರ್ ಕಾಲುವೆಯಲ್ಲಿ ದಾರ್ರೋ ಹೊಳೆಯಿಂದ ಬರುತ್ತಿತ್ತು. ಅಷ್ಟರಲ್ಲೇ ಅದನ್ನೆಲ್ಲ ಮಾಡಿದರು.

ಚಾರ್ಲ್ಸ್ ಈ ಬೆಟ್ಟಕ್ಕೆ ಬಂದದ್ದು 1526ರ ಜೂನ್ ತಿಂಗಳಲ್ಲಿ, ಹೊಸ ಹೆಂಡತಿಯ ಜೊತೆ. ಆಗ ಅವನಿಗೆ 26 ವರ್ಷ. ಹುಟ್ಟಿದ್ದು ಇಂದಿನ ಬೆಲ್ಜಿಯಂನ ಘೆಂಟ್‌ನಲ್ಲಿ, 16ಕ್ಕೆ ಸ್ಪೇನಿನ ದೊರೆ, 19ಕ್ಕೆ ಪವಿತ್ರ ರೋಮನ್ ಚಕ್ರವರ್ತಿಯಾಗಿ ಆಯ್ಕೆ. ನೆದರ್ಲ್ಯಾಂಡ್ಸ್, ನೇಪಲ್ಸ್, ಸಿಸಿಲಿ, ಅಟ್ಲಾಂಟಿಕ್ ಆಚೆಯ ಮೆಕ್ಸಿಕೋ ಎಲ್ಲವೂ ಅವನ ಹೆಸರಿನಲ್ಲಿ. ಮದುವೆ ಅದೇ ಮಾರ್ಚಿನಲ್ಲಿ ಸೆವಿಲ್ಲಾದಲ್ಲಿ ನಡೆದಿತ್ತು. ವಧು ಪೋರ್ಚುಗಲ್‌ನ ಇಸಾಬೆಲ್, ದೊರೆ ಮನುಯೆಲ್‌ನ ಮಗಳು. ಅವಳು ತಂದ ವರದಕ್ಷಿಣೆ 9 ಲಕ್ಷ ಚಿನ್ನದ ದೊಬ್ಲಾ ನಾಣ್ಯದ ಲೆಕ್ಕದ್ದು. ಈ ಮನುಯೆಲ್ ನಮಗೆ ಪರಕೀಯನಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಅವನ ಆಳ್ವಿಕೆಯಲ್ಲಿ, 1510ರಲ್ಲಿ ಅಲ್ಬುಕರ್ಕ್ ವಿಜಯಪುರದ ಆದಿಲಶಾಹಿಗಳ ಕೈಯಿಂದ ಗೋವೆಯನ್ನು ಕಿತ್ತುಕೊಂಡದ್ದೂ ಅವನ ಆಳ್ವಿಕೆಯಲ್ಲೇ. ಲಿಸ್ಬನ್ನಿನ ಬೊಕ್ಕಸವನ್ನು ಆ ದಿನಗಳಲ್ಲಿ ತುಂಬಿದ್ದು ನಮ್ಮ ಪಡುವಣ ಕರಾವಳಿಯ ಮೆಣಸು. ಗ್ರಾನಡಾದ ಬೆಟ್ಟದ ಮೇಲಿನ ಆ ಮಧುಚಂದ್ರದ ಸಿರಿಯಲ್ಲಿ ಅದರ ಘಾಟೂ ಸ್ವಲ್ಪ ಸೇರಿತ್ತು.

ಡಿಸೆಂಬರ್‌ವರೆಗೆ, ಆರು ತಿಂಗಳು ಅವರು ಗ್ರಾನಡಾದಲ್ಲಿದ್ದರು. ಅವರ ಮಗ, ಮುಂದಿನ ದೊರೆ ಎರಡನೇ ಫಿಲಿಪ್, 1527ರ ಮೇ ತಿಂಗಳಲ್ಲಿ ಹುಟ್ಟಿದ. ಅಂದರೆ ಇಸಾಬೆಲ್ ಬಸುರಾದದ್ದು ಇಲ್ಲೇ. ಸುಲ್ತಾನರ ಅರಮನೆ ಚಾರ್ಲ್ಸ್‌ಗೆ ಮೆಚ್ಚುಗೆಯಾಗಿತ್ತು, ಆದರೆ ಚಕ್ರವರ್ತಿಯ ಪರಿವಾರಕ್ಕೆ ಸಾಲದಾಯಿತು. ಹಳೆಯದನ್ನು ಪೂರ್ತಿ ಕೆಡವಿ ಹೊಸದು ಎಬ್ಬಿಸುವ ಅಧಿಕಾರ ಅವನಿಗಿತ್ತು. ಅವನು ಹಾಗೆ ಮಾಡಲಿಲ್ಲ. ಹೊಸದರ ಮೂಲೆ ತಾಗುವ ಕಡೆ ಹಳೆಯ ಕಟ್ಟಡದ ಒಂದಷ್ಟು ಭಾಗ ಹೋಯಿತು, ಮಿಕ್ಕದ್ದು ಹಳೆಯ ರಾಜಮನೆ ಎಂಬ ಹೆಸರಲ್ಲಿ ಉಳಿಯಿತು, ಇದು ಹೊಸ ರಾಜಮನೆಯಾಯಿತು. ಕೋರ್ದೋಬಾದಲ್ಲಿ 856 ಕಂಬಗಳ ಮಹಾ ಮಸೀದಿಯ ನಟ್ಟನಡುವೆ ಕೆಥೆಡ್ರಲ್ ಏಳಿಸಲು ಒಪ್ಪಿಗೆ ಕೊಟ್ಟವನೂ ಇದೇ ಚಾರ್ಲ್ಸ್ ಎಂಬುದನ್ನು ನೆನೆದರೆ ಗ್ರಾನಡಾ ಬದುಕಿಕೊಂಡದ್ದು ದೊಡ್ಡದು.

ಯೋಜನೆ 1527ರದು, ಕಟ್ಟಡದ ಕೆಲಸ ಶುರುವಾದದ್ದು 1533ರಲ್ಲಿ. ಮೇಲುಸ್ತುವಾರಿ ಅಲ್ಹಂಬ್ರಾದ ಕೋಟೆಪಾಲಕ ಲೂಯಿಸ್ ಉರ್ತಾದೋ ದೆ ಮೆಂದೋಸಾನದು. ಹಣ ಎಲ್ಲಿಂದ? ಈ ಅರಮನೆಯ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಪ್ರಶ್ನೆಯ ಉತ್ತರ.

1492ರ ಜನವರಿ 2ರಂದು ಗ್ರಾನಡಾ ಕ್ರೈಸ್ತ ದೊರೆಗಳ ಕೈಸೇರಿತು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿನ ಮುಸಲ್ಮಾನರಿಗೆ ಮತಾಂತರ ಇಲ್ಲವೇ ಗಡಿಪಾರು ಎಂಬ ಸ್ಥಿತಿ ಬಂತು. ಹಾಗೆ ದೀಕ್ಷೆ ಪಡೆದು ಉಳಿದವರೇ ಮೋರಿಸ್ಕೋಗಳು. ಹೆಸರು ಬದಲಾಯಿತು, ಚರ್ಚಿಗೆ ಹೋಗಬೇಕಾಯಿತು, ಆದರೆ ಮನೆಯಲ್ಲಿ ಅರಬ್ಬಿ ಮಾತು, ಮೈಮೇಲೆ ಹಳೆಯ ಉಡುಗೆ, ಊರಲ್ಲಿ ಹಮಾಮು. 1526ರಲ್ಲಿ ಚಾರ್ಲ್ಸ್ ಗ್ರಾನಡಾದಲ್ಲಿದ್ದಾಗಲೇ ಅಲ್ಲಿ ಸೇರಿದ ಧರ್ಮಗುರುಗಳ ಸಭೆ ಇವೆಲ್ಲವನ್ನೂ ನಿಷೇಧಿಸಲು ನಿರ್ಧರಿಸಿತು. ಭಾಷೆ ಬಿಡಬೇಕು, ಉಡುಗೆ ಬಿಡಬೇಕು, ಸ್ನಾನದ ಪದ್ಧತಿ ಬಿಡಬೇಕು. ಮೋರಿಸ್ಕೋಗಳ ಹಿರಿಯರು ಚಕ್ರವರ್ತಿಯೊಡನೆ ಒಪ್ಪಂದಕ್ಕೆ ಬಂದರು. ಭಾರಿ ಮೊತ್ತದ ಹಣ ಕೊಡುತ್ತೇವೆ, ಈ ಆಜ್ಞೆಯ ಜಾರಿಯನ್ನು ಮುಂದಕ್ಕೆ ಹಾಕಿ. ಚಕ್ರವರ್ತಿ ಒಪ್ಪಿದ. ಅವಧಿ 40 ವರ್ಷ.

ಮೋರಿಸ್ಕೋಗಳು ಕೊಟ್ಟ ಈ ತೆರಿಗೆಯ ಹಣದಲ್ಲೇ ಅರಮನೆ ಏರತೊಡಗಿತು. ತಾಯಿ ಮಗುವಿಗೆ ಅರಬ್ಬಿಯಲ್ಲಿ ಜೋಗುಳ ಹಾಡುವುದಕ್ಕೆ, ಹೆಂಗಸು ತನ್ನ ಅಜ್ಜಿಯಂತೆ ಸೆರಗು ಹೊದೆಯುವುದಕ್ಕೆ ಕೊಟ್ಟ ಬೆಲೆ ಆ ಗೋಡೆಯ ಉಬ್ಬುಗಲ್ಲುಗಳಾಯಿತು, ಕಂಚಿನ ಬಳೆಗಳಾಯಿತು. ಪಾವಿಯಾದ ಕುದುರೆಗಳೂ, ಆಯುಧ ಸುಡುವ ಶಾಂತಿಯೂ ಆ ಹಣದ ಕಾಲದಲ್ಲೇ ಮೂಡಿದವು. ಗೋಡೆಗಳು ಎದ್ದು ನಿಂತವು. 1550ರಲ್ಲಿ ಮಚುಕಾ ತೀರಿಕೊಂಡ, ಕೆಲಸ ಅವನ ಮಗ ಲೂಯಿಸನ ಕೈಗೆ ಬಂತು. ವೃತ್ತವನ್ನು ಕಲ್ಲಿನಲ್ಲಿ ನಿಲ್ಲಿಸಿದವನು ಈ ಮಗ. ಚಾರ್ಲ್ಸ್ 1556ರಲ್ಲಿ ಸಿಂಹಾಸನ ಬಿಟ್ಟು, 1558ರಲ್ಲಿ ಯುಸ್ತೆಯ ಮಠದ ಬಳಿ ಕಣ್ಣುಮುಚ್ಚಿದ. 1526ರ ಡಿಸೆಂಬರಿನಲ್ಲಿ ಗ್ರಾನಡಾ ಬಿಟ್ಟವನು ಮತ್ತೆ ಅಲ್ಲಿಗೆ ಬರಲೇ ಇಲ್ಲ. ತನ್ನ ಅರಮನೆಯ ಒಂದು ಕಲ್ಲನ್ನೂ ಅವನು ಕಣ್ಣಾರೆ ನೋಡಲಿಲ್ಲ.

40 ವರ್ಷದ ಗಡುವು ಮುಗಿಯಿತು. 1567ರ ಜನವರಿ 1ರಂದು ಎರಡನೇ ಫಿಲಿಪ್‌ನ ಆಜ್ಞೆಯನ್ನು ಗ್ರಾನಡಾದಲ್ಲಿ ಸಾರಲಾಯಿತು. ಅರಬ್ಬಿ ಮಾತು, ಬರಹ, ಉಡುಗೆ, ಹಮಾಮು ಎಲ್ಲವೂ ನಿಷೇಧ. 1526ರಲ್ಲಿ ಅದೇ ಬೆಟ್ಟದ ಮೇಲೆ ತಾಯಿಯ ಹೊಟ್ಟೆ ಸೇರಿದವನು, ಆ ವರ್ಷವೇ ತಂದೆ ಮುಂದಕ್ಕೆ ಹಾಕಿದ್ದನ್ನು ಜಾರಿಗೆ ತಂದ. 1568ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮೋರಿಸ್ಕೋಗಳು ದಂಗೆ ಎದ್ದರು. ಆಲ್ಪುಹಾರ್ರಾ ಬೆಟ್ಟಸಾಲಿನಲ್ಲಿ ಎರಡು ವರ್ಷಕ್ಕೂ ಮೇಲೆ ನಡೆದ ಆ ಕ್ರೂರ ಯುದ್ಧವನ್ನು ಕೊನೆಗೆ ಹತ್ತಿಕ್ಕಿದ ಸೇನಾಪತಿ ಡಾನ್ ಹುವಾನ್, ಚಾರ್ಲ್ಸ್‌ಗೆ ಮದುವೆಯಾಚೆ ಹುಟ್ಟಿದ ಮಗ. ಗ್ರಾನಡಾ ಸೀಮೆಯಿಂದ ಸುಮಾರು 80,000 ಮೋರಿಸ್ಕೋಗಳನ್ನು ಒಕ್ಕಲೆಬ್ಬಿಸಿ ಕಾಸ್ತಿಲ್ಯಾದ ಊರೂರಿಗೆ ಚದುರಿಸಿದರು. ಚಳಿಯಲ್ಲಿ, ಕಾಲ್ನಡಿಗೆಯಲ್ಲಿ. ದಾರಿಯಲ್ಲೇ ಸತ್ತವರು ಬಹಳ.

ತೆರಿಗೆ ಕೊಡುವವರೇ ಇಲ್ಲವಾದಾಗ ಅರಮನೆಯ ಕೆಲಸವೂ ನಿಂತಿತು. ಸುಮಾರು 15 ವರ್ಷ ಉಳಿಯ ಸದ್ದಿಲ್ಲ.

ಆ ಹೊತ್ತಿಗೆ ಫಿಲಿಪ್‌ನ ಮನಸ್ಸು, ಹಣ ಎರಡೂ ಮ್ಯಾಡ್ರಿಡ್ ಬಳಿಯ ಎಲ್ ಎಸ್ಕೋರಿಯಲ್ ಮೇಲಿತ್ತು. ಅದರ ಅಳತೆ 207 ಮೀಟರ್‌ಗೆ 161 ಮೀಟರ್. ಗ್ರಾನಡಾದ ಅರಮನೆಯ ಎಂಟು ಪಟ್ಟು ನೆಲ. 1563ರಲ್ಲಿ ಶುರುಮಾಡಿ 1584ರಲ್ಲಿ ಮುಗಿಸಿದರು, 21 ವರ್ಷ. ಇತ್ತ ಎಂಟನೇ ಒಂದು ಪಾಲಿನ ಕಟ್ಟಡಕ್ಕೆ 1527ರಿಂದ 1637ರವರೆಗೆ 110 ವರ್ಷ ಹಿಡಿಯಿತು, ಆಗಲೂ ಚಾವಣಿ ಹಾಕಲಾಗಲಿಲ್ಲ. 1580ರ ದಶಕದಲ್ಲಿ ಮತ್ತೆ ಕೈಹಾಕಿ, ಮೇಲಿನ ಕಂಬಸಾಲು ನಿಲ್ಲಿಸಿ, ಮೆಟ್ಟಿಲು ಕಟ್ಟಿ, 1637ರಲ್ಲಿ ಕೈಬಿಟ್ಟರು. ಬರೀ ಗೋಡೆ, ಕಂಬ, ಕಲ್ಲಿನ ಉಂಗುರ. ಮೇಲಿನ ಕೋಣೆಗಳಿಗೆ ಮಾಡಿಲ್ಲ. ಸಿಯೆರಾ ನೆವಾದಾ ಬೆಟ್ಟಸಾಲಿನ ಹಿಮಗಾಳಿ ನೇರ ಒಳಕ್ಕೆ.

ಆಮೇಲಿನ ಅಂಕಿ ಇದು. ಆ ಸ್ಥಿತಿಯನ್ನು ಸರಿಪಡಿಸುವ ಕೆಲಸಕ್ಕೆ ವಾಸ್ತುಶಿಲ್ಪಿ ಲಿಯೊಪೋಲ್ದೊ ತೊರ್ರೆಸ್ ಬಾಲ್ಬಾಸ್ ಕೈಹಾಕಿದ್ದು 1923ರಲ್ಲಿ. 1637ರಿಂದ ಎಣಿಸಿದರೆ 286 ವರ್ಷ. ಈ ಬೆಟ್ಟದಿಂದ ನಾಸ್ರಿದ್ ವಂಶ ಗ್ರಾನಡಾವನ್ನು ಆಳಿದ್ದು 1238ರಿಂದ 1492ರವರೆಗೆ, 254 ವರ್ಷ. ಅಂದರೆ, ಅಲ್ಹಂಬ್ರಾವನ್ನು ಕಟ್ಟಿ, ಮೆರೆದು, ಕಳೆದುಕೊಳ್ಳಲು ಒಂದು ಇಡೀ ರಾಜವಂಶ ತೆಗೆದುಕೊಂಡ ಕಾಲಕ್ಕಿಂತ 32 ವರ್ಷ ಹೆಚ್ಚು ಕಾಲ ಚಕ್ರವರ್ತಿಯ ಅರಮನೆ ಚಾವಣಿಯಿಲ್ಲದೆ ಮಳೆಗೆ ನೆನೆಯಿತು. ಒಬ್ಬ ದೊರೆಯೂ ಅಲ್ಲಿ ಸಂಸಾರ ಹೂಡಲಿಲ್ಲ.

ಇಷ್ಟು ಅನಾಥವಾಗಿದ್ದೂ ಕಟ್ಟಡ ಕದಲಲಿಲ್ಲ ಎಂಬುದು ಮಚುಕಾ ತಂದೆಮಕ್ಕಳ ಲೆಕ್ಕಕ್ಕೆ ಸಲ್ಲಬೇಕಾದ ಗೌರವ. ಪಕ್ಕದ ಗಾರೆಯ ಅರಮನೆಗಳನ್ನು ತಲೆಮಾರಿನಿಂದ ತಲೆಮಾರಿಗೆ ತೇಪೆ ಹಾಕಿ, ಮಾಡು ಬದಲಿಸಿ ಕಾಪಾಡಿಕೊಂಡು ಬರಬೇಕಾಯಿತು. 1812ರಲ್ಲಿ ನೆಪೋಲಿಯನ್ನನ ಪಡೆ ಹಿಂದೆ ಸರಿಯುವಾಗ ಕೋಟೆಯ ಹಲವು ಗೋಪುರಗಳನ್ನು ಮದ್ದಿಟ್ಟು ಸಿಡಿಸಿತು. 1829ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್ ಬಂದು ತಂಗಿದಾಗ ಅಲ್ಹಂಬ್ರಾ ಅರ್ಧ ಪಾಳು. ಈ ಚೌಕವೂ ಅದರೊಳಗಿನ ವೃತ್ತವೂ ಅಷ್ಟು ಕಾಲವೂ ತಮ್ಮ ಪಾಡಿಗೆ ತಾವು ನಿಂತಿದ್ದವು.

ತೊರ್ರೆಸ್ ಬಾಲ್ಬಾಸ್ 1923ರಿಂದ 1936ರವರೆಗೆ ಅಲ್ಹಂಬ್ರಾದ ಹೊಣೆ ಹೊತ್ತಿದ್ದ. ಹಳೆಯದನ್ನು ಹೊಸದರಂತೆ ಮೆರುಗಿಸುವ ಚಟ ಅವನಿಗಿರಲಿಲ್ಲ. ಬೀಳುವುದನ್ನು ತಡೆಯಬೇಕು, ತಾನು ಸೇರಿಸಿದ್ದು ನೋಡುವವರಿಗೆ ಬೇರೆಯೆಂದು ಗೊತ್ತಾಗಬೇಕು ಎಂಬುದು ಅವನ ನಡೆ. ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಅವನನ್ನು ಆ ಹುದ್ದೆಯಿಂದ ತೆಗೆದರು. ಚಾವಣಿ ಕೆಲಸ ಪೂರ್ತಿಯಾಗಲು ಆಮೇಲೂ ಕೆಲವು ದಶಕಗಳು ಬೇಕಾದವು. ಇವತ್ತು ಆಂದಲೂಸಿಯಾದ ಬಿಸಿಲಿನಿಂದ ಒಳಗೆ ಬಂದು ತಂಪಾಗಿ ತಿರುಗಾಡುವವರ ತಲೆಯ ಮೇಲಿರುವುದು ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದ ಚಾವಣಿ.

ಅಲ್ಹಂಬ್ರಾಕ್ಕೆ ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಸುಲ್ತಾನರ ಅರಮನೆಗಳಿಗೆ ಅರ್ಧ ಗಂಟೆಗೆ ಸುಮಾರು 300 ಜನರನ್ನು ಮಾತ್ರ ಬಿಡುತ್ತಾರೆ, ಟಿಕೆಟ್ಟಿನಲ್ಲಿ ಗಂಟೆ, ನಿಮಿಷ ಅಚ್ಚಾಗಿರುತ್ತದೆ. ಹಾಗಾಗಿ ಬಹಳ ಜನರಿಗೆ ಚಾರ್ಲ್ಸ್‌ನ ಅರಮನೆ ತಮ್ಮ ಸರದಿ ಬರುವತನಕ ನೆರಳಿನಲ್ಲಿ ನಿಲ್ಲುವ ಜಾಗ. ಗೋಡೆಯ ಬುಡದ ಕಲ್ಲುಜಗಲಿಯಲ್ಲಿ ಕೂತು ನೀರು ಕುಡಿದು, ಒಳಗೆ ಇಣುಕಿ, ಒಂದು ಫೋಟೋ ತೆಗೆದು ಹೊರಡುತ್ತಾರೆ. ನಾಜೂಕಾದ ಅರಮನೆಗಳ ನಡುವೆ ಸೊಕ್ಕಿನಿಂದ ತಂದು ನಿಲ್ಲಿಸಿದ ಕಟ್ಟಡ ಎಂದು ಬೈದವರೂ ಇದ್ದಾರೆ. ಸೊಕ್ಕು ಇದೆ, ಇಲ್ಲವೆನ್ನುವುದಿಲ್ಲ. ಯಾರ ಹಣದಿಂದ ಎದ್ದಿತು ಎಂದು ತಿಳಿದ ಮೇಲೆ ಆ ಗೋಡೆಯನ್ನು ಬರಿಯ ಮೆಚ್ಚುಗೆಯಿಂದ ನೋಡಲು ನನ್ನಿಂದ ಆಗುವುದಿಲ್ಲ. ಆದರೆ ಆ ವೃತ್ತದ ಎದುರು ಬರಿಯ ಸಿಟ್ಟಿನಿಂದ ನಿಲ್ಲಲೂ ಆಗುವುದಿಲ್ಲ. ಎರಡನ್ನೂ ಹೊತ್ತುಕೊಂಡೇ ನೋಡಬೇಕಾದ ಕಟ್ಟಡ ಅದು, ಅದಕ್ಕೆ ಕನಿಷ್ಠ ಒಂದು ಗಂಟೆ ಕೊಡಬೇಕು.

ಒಳಗೆ ಹೋಗಲು ದುಡ್ಡಿಲ್ಲ, ಟಿಕೆಟ್ಟೂ ಬೇಡ. ಕೆಳ ಅಂತಸ್ತಿನಲ್ಲಿ ಅಲ್ಹಂಬ್ರಾ ಮ್ಯೂಸಿಯಂ ಇದೆ. ಅಲ್ಲಿ 14ನೇ ಶತಮಾನದ, 135 ಸೆಂಟಿಮೀಟರ್ ಎತ್ತರದ ಜಿಂಕೆಗಳ ಹೂಜಿ ಇದೆ. ನೀಲಿ, ಬಂಗಾರದ ಬಣ್ಣದಲ್ಲಿ ಎರಡು ಜಿಂಕೆಗಳು ಎದುರುಬದುರಾಗಿ ನಿಂತಿವೆ, ಹಿಡಿಕೆಗಳಲ್ಲಿ ಒಂದು ಮುರಿದುಹೋಗಿದೆ. ಸುಲ್ತಾನರನ್ನು ಗೆದ್ದವರ ಅರಮನೆಯಲ್ಲಿ ಈಗ ಸುಲ್ತಾನರ ಸಾಮಾನುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಮೇಲಿನ ಅಂತಸ್ತಿನಲ್ಲಿ 1958ರಿಂದ ಗ್ರಾನಡಾದ ಲಲಿತಕಲೆಗಳ ಮ್ಯೂಸಿಯಂ. ದುಂಡು ಅಂಗಳದಲ್ಲಿ 1883ರಿಂದಲೇ ಸಂಗೀತ ಕಚೇರಿಗಳು ನಡೆಯುತ್ತಾ ಬಂದಿವೆ. ಚಾವಣಿಯಿಲ್ಲದ ಕಾಲದಲ್ಲೂ ವೃತ್ತದೊಳಗೆ ನಾದ ಚೆನ್ನಾಗಿ ಸುತ್ತುತ್ತದೆ ಎಂದು ಊರಿನವರಿಗೆ ಗೊತ್ತಾಗಿತ್ತು. 1952ರಿಂದ ಪ್ರತಿ ಬೇಸಿಗೆಯಲ್ಲೂ ಗ್ರಾನಡಾದ ಅಂತಾರಾಷ್ಟ್ರೀಯ ಸಂಗೀತ ಮತ್ತು ನೃತ್ಯ ಉತ್ಸವಕ್ಕೆ ವಾದ್ಯವೃಂದಗಳು ಬಂದು ಆ 32 ಕಂಬಗಳ ನಡುವೆ ಕೂರುತ್ತವೆ. ಜೂನ್ ಕೊನೆಗೆ ಅಲ್ಲಿರುವವರು ಮೊದಲೇ ಟಿಕೆಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಬೇಗ ಮುಗಿದುಹೋಗುತ್ತವೆ.